ಸಂಘಮಿತ್ರಾ ಮುಟ್ಟದ ಹರಳು

ಸಂಘಮಿತ್ರಾ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಇಂಥವಳಿಗೆ ಹರಳು ಬೆಳೆಸುವ ಕೆಲಸ ಕೊಟ್ಟವರಿಗೆ ಏನನ್ನಬೇಕೋ! ವಿಜಯಪುರದ ಸೊಲ್ಲಾಪುರ ರಸ್ತೆಯ ಕಾಲೇಜೊಂದರಲ್ಲಿ ನಾವಿಬ್ಬರೂ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದವರು. ಅವಳ ಪಾಲಿಗೆ ಬಂದದ್ದು ಒಂದು ಕಿತ್ತಳೆ ಬಣ್ಣದ ಪುಡಿ. ಅದರ ಅಣುವಿನಲ್ಲಿ ಎರಡು ಇಂಗಾಲದ ಉಂಗುರಗಳ ನಡುವೆ ಒಂದು ಕಬ್ಬಿಣದ ಪರಮಾಣು; ಎರಡೂ ಬದಿಗೆ ಆಮ್ಲದ ಕೈಗಳು. ಕೈ ಕೈ ಹಿಡಿದು ಗಿರಗಿರ ಸುತ್ತುತ್ತ ಫುಗಡಿ ಆಡುವ ಹುಡುಗಿಯರಂತೆ ಒಂದು ಅಣು ಇನ್ನೊಂದರ ಕೈ ಹಿಡಿಯುತ್ತದೆ. ಆ ಹಿಡಿತ ಜಲಜನಕದ್ದು, ಬಲು ಸಡಿಲ. ಆದರೂ ಲೆಕ್ಕವಿಲ್ಲದಷ್ಟು ಅಣುಗಳು ಹೀಗೆ ಸಾಲುಗಟ್ಟಿದರೆ ಹರಳಾಗುತ್ತದೆ. ಯಾರು ಯಾರ ಕೈ ಹಿಡಿದಿದ್ದಾರೆಂದು ಎಕ್ಸ್‌-ರೇ ಯಂತ್ರ ತೋರಿಸಬೇಕಾದರೆ ಸ್ವಚ್ಛವಾದ ಒಂದೇ ಒಂದು ಹರಳು ಬೇಕು. ಪುಡಿಯನ್ನು ದ್ರಾವಕದಲ್ಲಿ ಕರಗಿಸಿ, ಸೀಸೆಯಲ್ಲಿಟ್ಟು, ಅದು ಮೆಲ್ಲಗೆ ಆರುವವರೆಗೆ ಮುಟ್ಟದೆ ಇರಬೇಕು.

ಮುಟ್ಟದೆ ಇರುವುದೇ ಅವಳಿಂದಾಗದು. ಕಳ್ಳಕವಟಗಿಯ ಅವಳ ತಾಯಿ ರೇಣವ್ವ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕೂಲಿಗೆ ಹೋಗುವಾಕೆ. ಅಲ್ಲಿ ಬಲೆಯ ಮೇಲೆ ಹರವಿದ ದ್ರಾಕ್ಷಿಯನ್ನು ಆಗಾಗ ಹಿಚುಕಿ ನೋಡಬೇಕು, ಒಣಗಿತೆಂದರೆ ಬಲೆ ಹಿಡಿದು ಜಾಡಿಸಬೇಕು. ಆ ಶೆಡ್ಡಿನಲ್ಲೇ ಬೆಳೆದವಳ ಕೈಗೂ ಅದೇ ರೂಢಿ. ಸೀಸೆ ಎತ್ತುವಳು, ಬೆಳಕಿಗೆ ಹಿಡಿಯುವಳು, ಒಮ್ಮೆ ಜಾಡಿಸುವಳು. ಹರಳಿನ ಬದಲು ತಳದಲ್ಲಿ ಪುಡಿ! ಮತ್ತೆ ಕರಗಿಸು, ಮತ್ತೆ ಕಾಯಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಬೈದದ್ದೂ ಉಂಟು.

ಈ ಬಾರಿ ಅದು ಆಟವಾಗಿರಲಿಲ್ಲ. ಪ್ರಬಂಧ ಒಪ್ಪಿಸುವ ಗಡುವನ್ನು ಇನ್ನು ಮುಂದೂಡುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಧಾರವಾಡದ ಎಕ್ಸ್‌-ರೇ ಯಂತ್ರದಲ್ಲಿ ಅವಳ ಸರದಿ ಬರುವ ಸೋಮವಾರ. ಅಂದು ಹರಳಿಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ನೀರುಪಾಲು. ಸೀಸೆ ತಂದು ನನ್ನ ಕೈಗಿಟ್ಟಳು.

"ವಿಜಿ, ಇದನ್ನ ಜೈನಾಪುರದಾಗ ನಿಮ್ಮ ಮನ್ಯಾಗ ಬಚ್ಚಿಡು. ನಾ ಕಾಲಿಗಿ ಬಿದ್ರೂ ಕೊಡಬ್ಯಾಡ."

ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವಳ ಬಾಯಿಗೆ ಹಾಕಲಾದೀತೆ? ದಿನವಿಡೀ ಫೋನು. ಶುಕ್ರವಾರ ಬಬಲೇಶ್ವರದ ಬಸ್ಸು ಹಿಡಿದು ನಮ್ಮ ಮನೆಗೆ ಬಂದೇಬಿಟ್ಟಳು.

"ಒಂದ ಸಲ ನೋಡ್ತೀನಿ ಲೇ."

"ನೀ ಕಣ್ಣಿಲೆ ಎಲ್ಲಿ ನೋಡ್ತಿ, ಕೈಲೆ ನೋಡಾಕಿ. ಸುಮ್ಮ ಕುಂದ್ರು."

ಕೂತಳು. ಎದ್ದಳು. ಅಂಗಳ ಸುತ್ತಿ ಬಂದು ಕಪಾಟಿನ ಮುಂದೆ ನಿಂತಳು, ಕಣ್ಣಲ್ಲಿ ನೀರು. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಬೀಗದ ಕೈಯನ್ನು ಅವಳೆದುರೇ ಇಟ್ಟೆ.

"ನಿಂದ ಐತಿ ಅದು. ಬೇಕಂದ್ರ ತೆಗಿ."

ಅವಳು ಬೀಗದ ಕೈಯನ್ನೇ ನೋಡಿದಳು. ಆಮೇಲೆ ನೆಲಕ್ಕೆ ಕುಸಿದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತುಬಿಟ್ಟಳು. ಕೊನೆಯ ಬಸ್ಸಿನ ಹೊತ್ತಿನವರೆಗೆ ಏಳಲಿಲ್ಲ.

ಭಾನುವಾರ ಕಪಾಟು ತೆರೆದಾಗ ಸೀಸೆಯ ತಳದಲ್ಲಿ ಸಾಸಿವೆಗಿಂತ ಸಣ್ಣ ಕಿತ್ತಳೆ ಹರಳು ಹೊಳೆಯುತ್ತಿತ್ತು. ಸೋಮವಾರ ಸಂಜೆ ಧಾರವಾಡದಲ್ಲಿ, ಕೈ ಕೈ ಹಿಡಿದ ಅಣುಗಳ ಸಾಲು ಪರದೆಯ ಮೇಲೆ ಮೂಡಿತು. ಅವಳು ಅಳುತ್ತಿದ್ದಳು, ರೇಣವ್ವನಿಗೆ ನಾನೇ ಫೋನು ಮಾಡಿದೆ.

"ಯವ್ವಾ, ನಿಮ್ಮ ಮಗಳ ಹರಳು ಬಂತರಿ."

"ಖರೇನ? ಆಕಿ ಮುಟ್ಟಲಿಲ್ಲೇನು?"

"ಇಲ್ಲರಿ. ಬೀಗದ ಕೈ ಎದುರಿಗಿ ಇದ್ರೂ ತನ್ನ ಕೈ ಮ್ಯಾಲ ತಾನ ಕುಂತಿದ್ಲು."



"ಸಣ್ಣಾಕಿ ಇದ್ದಾಗ ಶೆಡ್ಡಿನ್ಯಾಗ ಸುಮ್ಮ ಕುಂದ್ರಲಿ ಅಂತ ಕಾಲಿಗಿ ಹಗ್ಗ ಕಟ್ಟಿ ಕೂಲಿ ಮಾಡತಿದ್ದೆ ಯವ್ವಾ. ಈಗ ತನ್ನ ತಾನ ಕಟ್ಟಿಕೊಂಡಾಳ."