ತಳಕ್ಕೆ ತೂತಿದ್ದ ತಾಟು

2001ರ ಜೂನ್ ತಿಂಗಳಲ್ಲಿ, ಬೆಳಗಾವಿಯ ಶಹಾಪುರದ ನಮ್ಮ ಓಣಿಯ ಒಂದು ಮನೆಯ ಜಗುಲಿಯಿಂದ ಮಣ್ಣಿನ ತಾಟುಗಳನ್ನು ಹಿತ್ತಲಿಗೆ ಸಾಗಿಸಲಾಯಿತು. ತಾಟುಗಳಲ್ಲಿ ಗಿಡಗಳಿದ್ದವು. ಹೊರಗೆ ಮಳೆ ಬೀಳುತ್ತಿತ್ತು. ಸಾಗಿಸಿದವರು ಇಬ್ಬರು ಹಮಾಲರು. ಹೇಳಿ ಮಾಡಿಸಿದವನು ಮನೆಯ ಯಜಮಾನ. ಗಿಡಗಳು ಅವನ ಅಕ್ಕನವು.

ಆಗ ನಾನು ಊರಿನ ಒಂದು ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಆ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದೆ. ಇದನ್ನು ಸುದ್ದಿ ಎಂದು ಯಾವ ಸಂಪಾದಕರೂ ಒಪ್ಪುತ್ತಿರಲಿಲ್ಲ. ನಾನೂ ಬರೆಯಲಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದು ವಾಸನೆ.

ಈ ಮಳೆಗಾಲದ ಶುರುವಿನಲ್ಲಿ, ಒಂದು ಗೃಹಪ್ರವೇಶದಲ್ಲಿ, ಬಂದವರಿಗೆಲ್ಲ ಬಿಳಿ ಪಿಂಗಾಣಿಯ ಬಟ್ಟಲೊಂದನ್ನು ಕೊಟ್ಟರು. ಅದರಲ್ಲಿ ಮೂರು ಪುಟ್ಟ ಸಕ್ಯುಲೆಂಟ್ ಗಿಡಗಳು. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ ಜಾತಿ. ತಂದು ಬರೆಯುವ ಮೇಜಿನ ಮೇಲಿಟ್ಟೆ. ಕಳೆದ ವಾರ ಬಾಗಿಲು ತೆರೆದಾಗ ಕೋಣೆ ನಾರುತ್ತಿತ್ತು. ಕೊಳೆತ ಸೌತೆಕಾಯಿಗೂ ಕೆರೆಯ ತಳದ ಕೆಸರಿಗೂ ನಡುವಿನ ವಾಸನೆ ಅದು. ಮೂಗಿಗೆ ಬಡಿದ ಕೂಡಲೇ ಮೊದಲು ಸಿಟ್ಟು ಬಂತು. ನೆನಪು ಆಮೇಲೆ ಬಂತು...

ಗಿಡಗಳ ಒಡತಿಯಾದ ಆ ಅಕ್ಕನನ್ನು ಓಣಿಯವರೆಲ್ಲ ಆತ್ಯಾ ಎನ್ನುತ್ತಿದ್ದರು. ಮರಾಠಿಯಲ್ಲಿ ಅಪ್ಪನ ಅಕ್ಕತಂಗಿಯರನ್ನು ಕರೆಯುವ ಮಾತು. ತಮ್ಮನ ಮಗಳು ಕರೆಯುತ್ತಿದ್ದುದನ್ನು ಕೇಳಿ ಓಣಿಯ ಮಕ್ಕಳು ಕರೆದರು, ಆಮೇಲೆ ದೊಡ್ಡವರೂ. ಆಕೆ ಮದುವೆಯಾಗಿರಲಿಲ್ಲ. ತಮ್ಮನ ಹೆಂಡತಿ ತೀರಿಕೊಂಡಾಗ ಆ ಮಗು ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲವಂತೆ. ಅದಕ್ಕೆ ಜಡೆ ಹಾಕಿದವಳು, ಜ್ವರ ಬಂದಾಗ ಕೂತವಳು, ಕಾಲೇಜಿಗೆ ಸೇರಿಸಿದವಳು ಆತ್ಯಾ. ತಮ್ಮನಿಗೆ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿಯಿತ್ತು. ಆತ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಮನೆ ನಡೆಯುತ್ತಿದ್ದದ್ದು ಆಕೆಯಿಂದ. ಅದರೊಳಗೆ ಆಕೆಯದು ಎನ್ನುವಂಥದ್ದು ಜಗುಲಿಯ ಒಂದು ಪಕ್ಕ ಮಾತ್ರ.

ಆ ಪಕ್ಕದಲ್ಲಿ ಆಕೆ ತಾಟು ಕಟ್ಟುತ್ತಿದ್ದಳು. ‘ಕಟ್ಟೋದು’ ಎನ್ನುವುದು ಆಕೆಯದೇ ಮಾತು. ಖಾನಾಪುರದ ಕುಂಬಾರರೊಬ್ಬರಿಂದ ಅಂಗೈಯಷ್ಟು ಆಳದ, ಅಗಲ ಬಾಯಿಯ ಮಣ್ಣಿನ ತಾಟುಗಳನ್ನು ಮಾಡಿಸಿಕೊಂಡು, ಪ್ಯಾಸೆಂಜರ್ ರೈಲಿನಲ್ಲಿ ಹುಲ್ಲು ಸುತ್ತಿ ತರುತ್ತಿದ್ದಳು. ಪ್ರತಿಯೊಂದರ ತಳಕ್ಕೂ ತೂತು. ಮೊದಲು ಒಡೆದ ಹಂಚಿನ ಚೂರು, ಅದರ ಮೇಲೆ ಮೊರಂ ಎನ್ನುವ ಜಲ್ಲಿಮಣ್ಣು, ಅದರ ಮೇಲೆ ಮರಳು ಬೆರೆಸಿದ ಮಣ್ಣು. ಹಿಂದೆ ಎತ್ತರದ್ದೊಂದು, ಮುಂದೆ ಕಲ್ಲಿನಲ್ಲಿ ಕೊರೆದ ಗುಲಾಬಿಯಂತೆ ಕಾಣುವ ಎಲೆಗುಚ್ಛ, ಅಂಚಿನಿಂದ ಕೆಳಗಿಳಿಯುವ ಮಣಿಸರದಂಥ ಬಳ್ಳಿ. ನಡುವೆ ಬರೀ ಮಣ್ಣು.

“ಇಲ್ಲೂ ಒಂದು ಹಚ್ಚಬೇಕಿತ್ತಲ್ಲ ಆತ್ಯಾ,” ಎಂದು ಒಮ್ಮೆ ಕೇಳಿದ್ದೆ.

“ನಡಬರಕ ಜಾಗಾ ಬಿಡಬೇಕೋ. ಎಲ್ಲಾ ತುಂಬಿದ್ರ ಅದು ಸಂತಿ ಆಗ್ತದ, ಮನಿ ಆಗಂಗಿಲ್ಲ.”

ನೀರಿನ ವಿಷಯದಲ್ಲಿ ಆಕೆ ಭಾರೀ ಜಿಪುಣಿ. ಒಮ್ಮೆ ನಾನು ಚೊಂಬು ಎತ್ತಿದ್ದನ್ನು ನೋಡಿ ಒಳಗಿನಿಂದಲೇ ಕೂಗಿದ್ದಳು: “ಏ ಪೇಪರ್ನವನ, ಇಡು ಅದನ್ನ! ಎಲ್ಲಾದಕ್ಕೂ ನೀರು ಹಾಕಿ ಉಬ್ಬಸೋದು ನಿಮ್ಮ ಆಫೀಸಿನ್ಯಾಗ ಇಟಗೋ.”

ಊರಿನ ಕ್ಯಾಂಪ್, ತಿಲಕವಾಡಿ ಬಡಾವಣೆಗಳಿಂದ ಹೆಣ್ಣುಮಕ್ಕಳು ಬಂದು ತಾಟು ಒಯ್ಯುತ್ತಿದ್ದರು. ಶೋಕೇಸಿಗೆ ಕಲೆ ಬೀಳುತ್ತದೆ ಎಂದು ಕೆಲವರು ತಳದ ತೂತಿಗೆ ಮೇಣ ಬಡಿಯುತ್ತಿದ್ದರು. ತಿಂಗಳಾಗುವಷ್ಟರಲ್ಲಿ ಕೊಳೆತ ಗಿಡ ಹಿಡಿದುಕೊಂಡು ಬರುತ್ತಿದ್ದರು. ಆತ್ಯಾ ಬೈಯದೆ ಬೇರೆ ಕೊಡುತ್ತಿರಲಿಲ್ಲ. “ಮೂಗು ಮುಚ್ಚಿ ಉಣ್ಣಾಕ ಹಾಕಿದ್ರ ನೀವಾದ್ರೂ ಬದಕ್ತೀರೇನು?” ಎನ್ನುತ್ತಿದ್ದಳು. ಅವರು ನಗುತ್ತಿದ್ದರು, ಆಕೆಯೂ ನಗುತ್ತಿದ್ದಳು.

ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಮುಂದಿನದು ಅರ್ಥವಾಗುತ್ತದೆ. ಜೂನ್‌ನಲ್ಲಿ ಹಿಡಿದರೆ ಗಣಪತಿ ಹಬ್ಬದವರೆಗೆ ಬಿಡುವುದಿಲ್ಲ. ಆ ನಾಲ್ಕು ತಿಂಗಳು ಇಂಥ ಗಿಡಗಳಿಗೆ ಸೂರು ಬೇಕು. ಜಗುಲಿಗೆ ಸೂರಿತ್ತು. ವರ್ಷವರ್ಷವೂ ಅವು ಅಲ್ಲೇ ಮಳೆಗಾಲ ಕಳೆದಿದ್ದವು.

ಆ ವರ್ಷ ತಮ್ಮನ ಮಗಳಿಗೆ ಗಂಡು ನೋಡುತ್ತಿದ್ದರು. ಎರಡು ಸಂಬಂಧ ಮಾತಿನ ಹಂತದಲ್ಲೇ ಮುರಿದವು. ಆ ಕಾಲದಲ್ಲಿ ನಮ್ಮ ಊರಿನಲ್ಲಿ ವಾಸ್ತು ನೋಡಿಸುವ ಹುಚ್ಚು ಜೋರಾಗಿತ್ತು. ಬಚ್ಚಲು ಒಡೆದವರಿದ್ದರು, ಬಾವಿ ಮುಚ್ಚಿದವರಿದ್ದರು. ಹುಬ್ಬಳ್ಳಿಯಿಂದ ಒಬ್ಬ ವಾಸ್ತು ಹೇಳುವವನನ್ನು ತಮ್ಮ ಕರೆಸಿದ. ಸಫಾರಿ ತೊಟ್ಟ ಆತ ದಿಕ್ಸೂಚಿ ಹಿಡಿದು ಮನೆ ಸುತ್ತಿದ, ಜಗುಲಿಗೆ ಬಂದು ನಿಂತ. ಓಣಿಯ ನಾಲ್ಕು ಜನ ಕೂಡಿದ್ದೆವು. ನಾನು ಕೇಳಿದ್ದು ಇಷ್ಟು.

“ಕಳ್ಳಿ ಜಾತಿ ಮನಿಯಾಗಿದ್ರ ಮಂಗಳ ಕಾರ್ಯ ಆಗಂಗಿಲ್ಲ. ಇವು ಹೊರಗ ಹೋಗಬೇಕು.”

ಆತ್ಯಾ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. “ಮುಳ್ಳಿನವು ಮೂರಽ ಅದಾವ್ರಿ. ಅವನ್ನ ಒಗೀತೀನಿ. ಉಳಿದವಕ್ಕ ಮುಳ್ಳೆಲ್ಲಿ ಅದಾವು? ಕೈ ಹಚ್ಚಿ ನೋಡ್ರಿ.”

“ಮುಳ್ಳು ಕಾಣಬೇಕಂತೇನಿಲ್ಲ ಅಕ್ಕಾರ. ಗುಣದಾಗಿರ್ತಾವು.”

ಯಾರೋ ನಕ್ಕರು. ಮದುವೆಯಾಗದ ಹೆಂಗಸಿನ ಮುಖ ನೋಡಿಕೊಂಡು ಆಡಿದ ಮಾತು ಅದು. ನಕ್ಕವನಿಗೂ ಅದು ಗೊತ್ತಿತ್ತು.

ಆತ್ಯಾ ತಮ್ಮನ ಕಡೆ ತಿರುಗಿದಳು. “ನಾಕು ತಿಂಗಳಽ ಇಲ್ಲಿರಲಿ. ಮಳಿ ಹೋದ ಮ್ಯಾಲೆ ನಾನಽ ಹೊರಗ ಇಡ್ತೀನಿ.”

“ನಾಕು ತಿಂಗಳದಾಗ ಹುಡುಗಿ ವಯಸ್ಸು ನಿಲ್ತೈತೇನು ಅಕ್ಕಾ? ನೀ ಕುಂತಿ, ಅಕಿನೂ ಕುಂಡ್ರಬೇಕೇನು?”

ಮರುದಿನ ಹಮಾಲರು ಬಂದರು. ಹಿತ್ತಲಲ್ಲಿ ತಗಡಿನ ಒಂದು ಚಪ್ಪರವಿತ್ತು, ತೂತುಬಿದ್ದದ್ದು. ಅದರ ಕೆಳಗೆ ಸಾಲಾಗಿ ಇಟ್ಟು ಹೋದರು.

ಇನ್ನೊಂದು ಸಂಗತಿಯನ್ನು ದಾಖಲಿಸಬೇಕು. ದೃಷ್ಟಿ ತಾಗದಂತೆ ತಲೆಬಾಗಿಲಿಗೆ ಲೋಳೆಸರ ಕಟ್ಟಬೇಕೆಂದು ವಾಸ್ತುವಿನವನೇ ಹೇಳಿದ್ದ. ಬುಡ ಮೇಲೆ, ತುದಿ ಕೆಳಗೆ. ತಮ್ಮ ಅದಕ್ಕಾಗಿ ಪೇಟೆಗೆ ಹೋಗಲಿಲ್ಲ. ಅಕ್ಕನ ತಾಟಿನಿಂದಲೇ ಎಲ್ಲಕ್ಕಿಂತ ದೊಡ್ಡ ಲೋಳೆಸರವನ್ನು ಕಿತ್ತು, ಬೇರು ಸಮೇತ ದಾರ ಬಿಗಿದು, ತಲೆಕೆಳಗಾಗಿ ತೂಗುಹಾಕಿದ. ಮಣ್ಣಿನಲ್ಲಿ ನೆಟ್ಟಗೆ ನಿಂತಾಗ ಮನೆಗೆ ಕೇಡು ತರುತ್ತಿದ್ದ ಗಿಡ, ಕುತ್ತಿಗೆಗೆ ದಾರ ಬಿದ್ದ ಕೂಡಲೇ ಮನೆ ಕಾಯುವ ಗಿಡವಾಯಿತು.

ಹಿತ್ತಲಲ್ಲಿ ಆತ್ಯಾ ಪ್ಲಾಸ್ಟಿಕ್ ಹೊದಿಸಿದಳು. ಗಾಳಿ ಹಾರಿಸಿತು. ಇಟ್ಟಿಗೆ ಇಟ್ಟಳು. ಪ್ಲಾಸ್ಟಿಕ್ಕಿನೊಳಗೆ ಬೆವತು ಗಿಡ ಮೆತ್ತಗಾಯಿತು. ತಮ್ಮನ ಮಗಳು ಐದಾರು ತಾಟುಗಳನ್ನು ಕದ್ದು ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದಳು. ಅಪ್ಪ ನೋಡಿದ. ಅವೂ ಹೊರಗೆ ಹೋದವು. ಜುಲೈ ಮುಗಿಯುವ ಹೊತ್ತಿಗೆ ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಆ ವಾಸನೆ ಬರುತ್ತಿತ್ತು.

ಶ್ರಾವಣದಲ್ಲಿ ಖಾನಾಪುರದ ಒಂದು ಮನೆತನದಿಂದ ಮಾತು ಬಂತು. ಮಾತುಕತೆಗೆ ಹೋಗುವಾಗ ಓಣಿಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಪತ್ರಿಕೆಯವನು ಎನ್ನುವ ಕಾರಣಕ್ಕೆ ನನ್ನನ್ನು ಕರೆದರು. ಹುಡುಗಿಯನ್ನು ಬೆಳೆಸಿದವಳನ್ನು ಕರೆಯಲಿಲ್ಲ.

ಆ ಮನೆಯ ಪಡಸಾಲೆಯಲ್ಲಿ ಕೂತೆವು. ಹೊರಗೆ ಹಂಚಿನಿಂದ ನೀರು ಸುರಿಯುತ್ತಿತ್ತು. ನಮ್ಮೆದುರು ಟೀಪಾಯಿ. ಟೀಪಾಯಿಯ ನಡುಮಧ್ಯೆ ಒಂದು ಮಣ್ಣಿನ ತಾಟು. ಹಿಂದೆ ಎತ್ತರದ್ದು, ಮುಂದೆ ಕಲ್ಲುಗುಲಾಬಿ, ಅಂಚಿನಿಂದ ಇಳಿದ ಮಣಿಬಳ್ಳಿ, ನಡುವೆ ಬರೀ ಮಣ್ಣು... ನಾನು ತಮ್ಮನ ಮುಖ ನೋಡಿದೆ. ಆತ ಅದನ್ನು ಮೊದಲೇ ನೋಡಿದ್ದ.

ನನ್ನ ಕಣ್ಣು ಎಲ್ಲಿದೆ ಎಂದು ಹುಡುಗನ ತಾಯಿ ಗಮನಿಸಿದರು. “ಛಂದ ಐತೆಲ್ರೀ? ನಿಮ್ಮ ಬೆಳಗಾವ್ಯಾಗಿಂದಽ. ನನ್ನ ತಂಗಿ ತಂದುಕೊಟ್ಟಾಳ. ಯಾರೋ ಒಬ್ಬಾಕಿ ಮಾಡ್ತಾಳಂತ.”

“ಯಾರೋ ಅಲ್ರೀ,” ಎಂದೆ. “ಇವರ ಅಕ್ಕ ಮಾಡಿದ್ದು.”

ತಮ್ಮ ಚಹಾದ ಕಪ್ಪನ್ನು ಬಸಿಯ ಮೇಲಿಟ್ಟ. ಆಮೇಲೆ ಆತ ನಕ್ಕ. ಆ ನಗು ನನಗೆ ಇವತ್ತಿಗೂ ಕಾಣುತ್ತದೆ. “ಹೌದ್ರಿ, ನಮ್ಮ ಅಕ್ಕಂದು. ಮನಿ ತುಂಬ ಇವಽ ಅದಾವು. ನಾವಽ ಜಾಗಾ ಮಾಡಿ ಕೊಟ್ಟೀವಿ.”

“ಖರೇ? ಹಂಗಾದ್ರ ಮದಿವ್ಯಾಗ ಮಂಟಪದ ಎರಡೂ ಬಾಜು ಇವಽ ಇರಲಿ. ಹೂವಿನಂಗ ಬಾಡೂದಿಲ್ಲ.”

“ಕಳ್ಳಿ ಜಾತಿ ಅಂತ ನಿಮಗೇನೂ ಅಡ್ಡಿ ಇಲ್ಲೇನ್ರಿ?” ಎಂದು ಕೇಳಿದೆ. ತಮ್ಮ ನನ್ನ ತೊಡೆ ಒತ್ತಿದ.

ಆ ತಾಯಿ ಜೋರಾಗಿ ನಕ್ಕರು. “ಮುಳ್ಳು ಗಿಡಕ್ಕಿದ್ರ ಏನಾತ್ರಿ? ಮಂದಿ ನಾಲಿಗಿಗಿರಬಾರದು.”

ಸಂಬಂಧ ಅಲ್ಲೇ ನಿಶ್ಚಯವಾಯಿತು.

ಸಂಜೆ ಬೆಳಗಾವಿಗೆ ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ತಮ್ಮ ಕೂಗಿದ. “ಅಕ್ಕಾ! ಇಪ್ಪತ್ತು ತಾಟು ಬೇಕಾಗ್ಯಾವು. ಬೀಗರು ಕೇಳ್ಯಾರ.”

ಆತ್ಯಾ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋದಳು. ಒಂದು ತಾಟಿನಿಂದ ಕಲ್ಲುಗುಲಾಬಿಯನ್ನು ಎತ್ತಿದಳು. ಅದು ಎದ್ದು ಬರಲಿಲ್ಲ. ಬೆರಳ ನಡುವೆ ಲೋಳೆಯಾಗಿ ಇಳಿಯಿತು. ಕೈಯನ್ನು ತಮ್ಮನ ಮುಂದೆ ಹಿಡಿದಳು.

“ತಗೋ. ಇಪ್ಪತ್ತಕ್ಕಿಂತ ಹೆಚ್ಚಽ ಅದಾವು.”

ಆತ ಒಂದು ಹೆಜ್ಜೆ ಹಿಂದೆ ಸರಿದ. “ಹೋದ್ರ ಹೋಗ್ಲಿ, ಮತ್ತ ಹಚ್ಚು. ಗಿಡ ಅಲ್ಲೇನು?”

“ಗಿಡಽ,” ಎಂದಳು ಆತ್ಯಾ. “ಮತ್ತೇನು.”

ಮತ್ತೆ ಹಚ್ಚಲಿಲ್ಲ. ತುಳಸಿ ಲಗ್ನದ ನಂತರ ಮದುವೆ ನಡೆಯಿತು. ಮಂಟಪದ ಎರಡೂ ಬಾಜು ಪ್ಲಾಸ್ಟಿಕ್ ಹೂವಿದ್ದವು. ಹುಡುಗಿಯನ್ನು ಕಳಿಸಿಕೊಡುವಾಗ ಆತ್ಯಾ ಅಳಲಿಲ್ಲ ಎಂದು ಓಣಿಯಲ್ಲಿ ಮಾತಾಡಿಕೊಂಡರು. ನಾನು ಆಕೆಯ ಹತ್ತಿರವೇ ನಿಂತಿದ್ದೆ. ಅತ್ತಳು. ನೋಡಬೇಕಾದವರು ಊಟದ ಪಂಕ್ತಿಯಲ್ಲಿದ್ದರು.

ಮದುವೆಯ ಮರುದಿನ ಬೆಳಿಗ್ಗೆ ಆಕೆ ಟ್ರಂಕು ತಂದು ಹೊಸ್ತಿಲ ಹೊರಗಿಟ್ಟಳು. ಒಳಗಿನಿಂದ ಒಂದು ಸ್ಟೂಲು ತಂದು, ಹತ್ತಿ ನಿಂತು, ತಲೆಬಾಗಿಲಿನ ಲೋಳೆಸರದ ದಾರವನ್ನು ಈಳಿಗೆಯಿಂದ ಕೊಯ್ದಳು. ಗಿಡ ಸೊರಗಿತ್ತು, ಸತ್ತಿರಲಿಲ್ಲ. ತುದಿಗಳು ಬೆಳಕಿನ ಕಡೆ ಹೊರಳಿ ಮೇಲಕ್ಕೆ ಬಾಗಿದ್ದವು.

“ಮನಿ ದೃಷ್ಟಿದು ಅದು,” ಎಂದ ತಮ್ಮ.

“ದೃಷ್ಟಿ ನಿಂದು. ಗಿಡ ನಂದು.”

“ಎಲ್ಲಿಗೆ ಹೊಂಟಿ?”

“ಖಾನಾಪುರಕ್ಕ. ತಾಟು ಅಲ್ಲೇ ಸಿಗ್ತಾವು.”

ನಾನು ಟ್ರಂಕನ್ನು ಸ್ಟೇಷನ್ನಿನವರೆಗೆ ಸೈಕಲ್ ಮೇಲೆ ಇಟ್ಟುಕೊಂಡು ಹೋದೆ. ಖಾನಾಪುರದ ಮೇಲೆ ಹೋಗುವ ಲೋಂಡಾ ಗಾಡಿ ಬಂತು. ಆತ್ಯಾ ಲೋಳೆಸರವನ್ನು ಬುಡ ಕೆಳಗೆ ಮಾಡಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಳು. “ಬರ್ತಿರು ಪೇಪರ್ನವನ,” ಎಂದಳು. ಇನ್ನೇನೋ ಅಂದಳು, ಗಾಡಿಯ ಸದ್ದಿನಲ್ಲಿ ಕೇಳಲಿಲ್ಲ...

ಖಾನಾಪುರದಲ್ಲಿ ಆಕೆ ಕುಂಬಾರರ ಮನೆಯ ಪಕ್ಕದ ಒಂದು ಕೋಣೆಯಲ್ಲಿ ಏಳೆಂಟು ವರ್ಷ ಇದ್ದಳು. ಲೋಳೆಸರ ಬಾಗಿಲ ಮುಂದೆ ಮಣ್ಣಿನಲ್ಲಿ ಬೆಳೆಯಿತು, ಮರಿ ಹಾಕಿತು. ತಾಟು ಕಟ್ಟುತ್ತಿದ್ದಳು, ಮೊದಲಿನಷ್ಟಲ್ಲ. ತಮ್ಮನ ಮಗಳು ದಿನವೂ ಹೋಗಿ ಬರುತ್ತಿದ್ದಳು. ತಮ್ಮ ಒಮ್ಮೆಯೂ ಹೋಗಲಿಲ್ಲವೆಂದು ಆ ಮಗಳೇ ಹೇಳಿದ್ದಾಳೆ.

ಆತ್ಯಾ ತೀರಿಕೊಂಡಾಗ ಆತ ಶ್ರದ್ಧಾಂಜಲಿಯ ಜಾಹೀರಾತು ಕೊಡಲು ನಮ್ಮ ಪತ್ರಿಕೆಯ ಕಚೇರಿಗೆ ಬಂದ. ಫೋಟೋದ ಕೆಳಗೆ ಎರಡು ಸಾಲು ಬರೆದು ತಂದಿದ್ದ: ‘ಗಿಡಗಳ ಪ್ರೇಮಿ. ನಮ್ಮ ಮನೆಯ ನೆರಳು.’ ಜಾಹೀರಾತಿನ ಮಾತು ತಿದ್ದುವ ಅಧಿಕಾರ ಸುದ್ದಿ ವಿಭಾಗಕ್ಕಿಲ್ಲ. ಅದು ಹಾಗೆಯೇ ಅಚ್ಚಾಯಿತು.

ಶಹಾಪುರದ ಆ ಹಳೆಯ ಮನೆ ಈಗಿಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅದರ ಮೊದಲ ಮಹಡಿಯಲ್ಲಿ ತಮ್ಮನ ಮನೆ. ಜೂನ್‌ನಲ್ಲಿ ನಾನು ಹೋದ ಗೃಹಪ್ರವೇಶ ಅಲ್ಲಿಯದೇ. ಖಾನಾಪುರದಿಂದ ಮಗಳು ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಬಿಳಿ ಬಟ್ಟಲನ್ನು ಕೊಡುತ್ತಿದ್ದವನು ತಮ್ಮನೇ. ಬಟ್ಟಲಿಗೆ ಕೆಂಪು ರಿಬ್ಬನ್‌ನಲ್ಲಿ ಒಂದು ಚೀಟಿ ಕಟ್ಟಿತ್ತು: ‘ವಾಸ್ತು ಪ್ರಕಾರ ಮನೆಗೆ ಶುಭ ತರುವ ಗಿಡ.’

ಕಳೆದ ವಾರ ಕೊಳೆತದ್ದನ್ನು ಹೊರಗೆ ಚೆಲ್ಲಿ, ಬಟ್ಟಲನ್ನು ತೊಳೆದು, ಬೋರಲು ಹಾಕಿ ನೋಡಿದೆ. ತಳಕ್ಕೆ ತೂತಿರಲಿಲ್ಲ.