ತಿರುಪತಿಯ ಮದುವೆ, ಅರಸೀಕೆರೆಯ ಅರ್ಜಿ

ನನ್ನ ತಂಗಿಯ ಮಗಳಿಗೆ ಗಂಡನಿಂದ ಬಿಡುಗಡೆ ಬೇಕಾಗಿತ್ತು. ಬೇಡವೆನ್ನುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಳು, ಬುದ್ಧಿವಾದ, ದೇವರ ಮುಂದೆ ಹೂವಿಟ್ಟು ಕೇಳುವುದು ಎಲ್ಲವೂ ಯುಗಾದಿಯ ಹೊತ್ತಿಗೇ ಮುಗಿದಿತ್ತು. ಉಳಿದಿದ್ದ ಪ್ರಶ್ನೆ ಒಂದೇ, ಯಾವ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕುವುದು ಎಂಬುದು. ವಕೀಲರನ್ನು ಕೇಳೋಣ ಎಂದು ನಾನು ಮೊದಲ ದಿನವೇ ಹೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಜ್ವರ ಎಂದರೆ ಮೊದಲು ಥರ್ಮಾಮೀಟರ್ ಇಡುವುದು, ಆಮೇಲೆ ಮಾತಾಡುವುದು ನಮ್ಮ ಪದ್ಧತಿ. ತಂಗಿಯ ಮನೆಯ ಪದ್ಧತಿ ಹೆಚ್ಚು ಪ್ರಜಾಪ್ರಭುತ್ವದ್ದು. ಅಲ್ಲಿ ಮೊದಲು ಎಲ್ಲರೂ ಮಾತಾಡುತ್ತಾರೆ; ಥರ್ಮಾಮೀಟರ್ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಜ್ವರ ತಾನಾಗಿ ಇಳಿದಿರುತ್ತದೆ ಅಥವಾ ನೆತ್ತಿಗೇರಿರುತ್ತದೆ.

ಊರಿನ ಪ್ರಶ್ನೆ ಇಷ್ಟು ಜಟಿಲವಾಗಿದ್ದಕ್ಕೆ ಮದುವೆಯೇ ಕಾರಣ. ಗಂಡಿನ ಕಡೆಯವರು ಬೇಲೂರು ತಾಲ್ಲೂಕಿನ ಹಗರೆಯವರು. ಮದುವೆ ಬೇಲೂರಿನಲ್ಲೇ ಆಗಬೇಕು ಎಂದು ಅವರು ಪಟ್ಟು ಹಿಡಿದರು. ಹೆಣ್ಣಿನ ಕಡೆಯವರಾದ ನಾವು ಅರಸೀಕೆರೆ ಬಿಟ್ಟು ಕದಲಲಿಲ್ಲ. ಎರಡೂ ಊರಿನ ನಡುವೆ ಇರುವುದು ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಅಷ್ಟು ದೂರವನ್ನು ಯಾರೊಬ್ಬರೂ ಬಿಟ್ಟುಕೊಡದೆ ಇದ್ದುದರಿಂದ ಹಿರಿಯರು ಕೂತು ಒಂದು ಸುಲಭ ದಾರಿ ಹುಡುಕಿದರು: ಇಡೀ ಎರಡು ಕುಟುಂಬಗಳನ್ನು ಬಸ್ಸಿಗೆ ತುಂಬಿಕೊಂಡು ಹೋಗಿ ತಿರುಪತಿಯಲ್ಲಿ ತಾಳಿ ಕಟ್ಟಿಸುವುದು. ಯಾರ ಮರ್ಯಾದೆಯೂ ಹೋಗಲಿಲ್ಲ. ವಾಪಸು ಬಂದು ಹಳೇಬೀಡಿನಲ್ಲಿ, ಇಬ್ಬರಿಗೂ ನಡುದಾರಿಯಲ್ಲಿ, ಬೀಗರ ಊಟ ಹಾಕಿದರು. ಅದಾದ ಮೇಲೆ ದಂಪತಿಗಳು ಪುಣೆಗೆ ಹೋದರು. ಅಲ್ಲಿ ಕೊನೆಯ ಎರಡು ವರ್ಷ ಒಂದೇ ಮನೆಯ ಎರಡು ಕೋಣೆಗಳಲ್ಲಿ ಕೂತು ಫೋನಿನಲ್ಲಿ ಮೆಸೇಜು ಕಳಿಸಿ ಸಂಸಾರ ಮಾಡಿದರು. ಈ ಯುಗಾದಿಗೆ ಹುಡುಗಿ ತನ್ನ ಸಾಮಾನೆಲ್ಲ ಕಟ್ಟಿಕೊಂಡು ಅರಸೀಕೆರೆಗೆ ಬಂದಳು. ಇಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕೆಲಸ ಹುಡುಕಿಕೊಂಡಳು. ಅದು ಸಿಕ್ಕಿದ್ದು ಕೊಯಮತ್ತೂರಿನಲ್ಲಿ. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ಸೇರಬೇಕು. ಹೀಗೆ ಮದುವೆ ಆಂಧ್ರದಲ್ಲಿ, ಜಗಳ ಮಹಾರಾಷ್ಟ್ರದಲ್ಲಿ, ಸಂಬಳ ತಮಿಳುನಾಡಿನಲ್ಲಿ, ಅಮ್ಮನ ಕಣ್ಣೀರು ಕರ್ನಾಟಕದಲ್ಲಿ ಎಂದಾಯಿತು.

ನಮ್ಮವರು ಕೋರ್ಟನ್ನು ಆರಿಸಲು ಕೂತ ರೀತಿ ನೋಡಿದ್ದರೆ ಕಲ್ಯಾಣ ಮಂಟಪ ನೋಡುತ್ತಿದ್ದಾರೆ ಎಂದೇ ಯಾರಾದರೂ ತಿಳಿಯುತ್ತಿದ್ದರು.

"ತಿರುಪತೀಲೇ ಹಾಕ್ಲಿ ಕಣಕ್ಕ," ಎಂದಳು ತಂಗಿ. "ಸ್ವಾಮಿ ಮುಂದೆ ಕಟ್ಟಿದ್ದು, ಸ್ವಾಮಿ ಮುಂದೇನೇ ಹೋಗ್ಲಿ. ಕರೆದಾಗೆಲ್ಲ ಹೋದಂಗೂ ಆಯ್ತು, ದರ್ಶನ ಮಾಡ್ದಂಗೂ ಆಯ್ತು."

"ಅಲ್ಲಿ ಕೋರ್ಟಲ್ಲಿ ಲಡ್ಡು ಕೊಡಲ್ಲ," ಎಂದೆ.

ತಂಗಿಯ ಗಂಡನಿಗೆ ಗಂಡಸಿ ಊರಿನ ಹತ್ತಿರ ತೆಂಗಿನ ತೋಟವಿದೆ. ತಾಲ್ಲೂಕಿನಲ್ಲಿ ಅವರನ್ನು ಅರಿಯದವರು ಕಡಿಮೆ. ಅವರ ಕಷ್ಟವೂ ಅದೇ. "ಅರಸೀಕೆರೆ ಕೋರ್ಟು ಬ್ಯಾಡ ಅತ್ತಿಗೆ. ಗೇಟಿಂದ ಒಳಿಕ್ಕೆ ಹೋಗೋದ್ರೊಳಗೆ ಹತ್ತು ಜನ ಏನ್ಲಾ ಇಲ್ಲಿ ಅಂತಾರೆ. ಕೊಯಮತ್ತೂರೇ ಸರಿ. ಅಲ್ಲಿ ನಮ್ಮೋರು ಒಬ್ರೂ ಇಲ್ಲ."

"ತಮಿಳು ಬರುತ್ತಾ ನಿಮಗೆ?"

"ಬರ್ದೇ ಇರೋದೇ ಒಳ್ಳೇದು. ಯಾರು ಏನಂದ್ರೂ ಗೊತ್ತಾಗಲ್ಲ."

ಹುಡುಗಿ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. ಅವಳ ಚಿಂತೆ ಬೇರೆಯದು. ಹಿಂದಿನ ವಾರ ಗಂಡ ಪುಣೆಯಿಂದ ಒಂದು ಮೆಸೇಜು ಹಾಕಿದ್ದ, ನೀನು ಯೋಚನೆ ಮಾಡ್ತಾ ಇರು, ನಾನು ಇಲ್ಲೇ ಕೇಸು ಹಾಕ್ತೀನಿ ಎಂದು. ಅವನು ಅಲ್ಲಿ ಮೊದಲು ಹಾಕಿದರೆ ಪ್ರತಿ ದಿನಾಂಕಕ್ಕೂ ಇವಳು ಕೊಯಮತ್ತೂರಿನಿಂದ ಪುಣೆಗೆ ಓಡಬೇಕು. ಹೊಸ ಕೆಲಸದಲ್ಲಿ ಮೊದಲ ಆರು ತಿಂಗಳು ರಜೆ ಕೇಳುವ ಹಾಗಿಲ್ಲ. "ಒಂದೋ ಕೆಲಸ ಬಿಡ್ಬೇಕು, ಇಲ್ಲಾ ಅವನು ಹೇಳಿದ್ದಕ್ಕೆಲ್ಲ ಸೈನ್ ಹಾಕ್ಬೇಕು, ದೊಡ್ಡಮ್ಮ. ಅದಕ್ಕೇ ಅವನು ಅಲ್ಲಿ ಹಾಕ್ತೀನಿ ಅನ್ನೋದು," ಎಂದಳು. ಮನೆಯಲ್ಲಿ ಒಬ್ಬರಾದರೂ ವಿಷಯಕ್ಕೆ ಬಂದರಲ್ಲ ಎಂದು ನನಗೆ ಸಮಾಧಾನವಾಯಿತು.

"ಹಾಗಾದ್ರೆ ನಾಳೆ ಬೆಳಿಗ್ಗೆ ವಕೀಲರ ಹತ್ರ ಹೋಗೋಣ," ಎಂದೆ.

"ಆಷಾಢ ಅಲ್ವೇನಕ್ಕ?" ಎಂದಳು ತಂಗಿ.

ವಿಚ್ಛೇದನಕ್ಕೂ ಶುಭ ಮಾಸ ಬೇಕೆಂದು ನನಗೆ ತಿಳಿದಿರಲಿಲ್ಲ. ಶ್ರಾವಣದಲ್ಲಿ ಒಳ್ಳೆಯ ಲಗ್ನ ನೋಡಿ, ವಾಲಗದವರಿಗೂ ಹೇಳಿಬಿಡೋಣ ಎಂದೆ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆ ಎರಡು ದಿನದಲ್ಲಿ ನಾನು ವಕೀಲರನ್ನು ಗೊತ್ತು ಮಾಡಿದೆ.

ವಕೀಲೆ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಹೇಳಬೇಕಾದ್ದನ್ನು ಔಷಧಿ ಚೀಟಿಯಂತೆ ಹೇಳಿದರು. ಮದುವೆ ನಡೆದ ತಿರುಪತಿಯಲ್ಲಿ ಹಾಕಬಹುದು. ಕೊನೆಗೆ ಒಟ್ಟಿಗೆ ಬಾಳಿದ್ದೂ, ಗಂಡ ಈಗ ಇರುವುದೂ ಪುಣೆಯಾದ್ದರಿಂದ ಅಲ್ಲಿ ಹಾಕಬಹುದು. ಅರ್ಜಿ ಹಾಕುವವಳು ಹೆಂಡತಿಯಾದರೆ ಹಾಕುವ ದಿನ ಅವಳು ವಾಸವಾಗಿರುವ ಊರಿನಲ್ಲೂ ಹಾಕಬಹುದು. ಕೊಯಮತ್ತೂರಿನಲ್ಲಿ ಈಗ ಆಗದು, ಇವಳಿನ್ನೂ ಅಲ್ಲಿ ವಾಸವಿಲ್ಲ.

"ಹಳೇಬೀಡಲ್ಲಿ ಬೀಗರ ಊಟ ಆಗೈತೆ ಮೇಡಂ," ಎಂದರು ತಂಗಿಯ ಗಂಡ. ಅಷ್ಟರಲ್ಲಿ ಅವರ ಮನಸ್ಸು ಹಳೇಬೀಡು ಸೇರುವ ಬೇಲೂರು ಕೋರ್ಟಿನ ಕಡೆ ಹೊರಳಿತ್ತು. "ಊರೂರೇ ಬಂದು ಉಂಡವ್ರೆ. ಅದು ಮದುವೆ ಲೆಕ್ಕಕ್ಕೆ ಬರಲ್ವಾ?"

"ಊಟಕ್ಕೆ ಡೈವೋರ್ಸ್ ಕೊಡಕ್ಕಾಗಲ್ಲ ಸರ್," ಎಂದರು ವಕೀಲೆ. ನನಗೆ ಅವರು ಆಗಲೇ ಹಿಡಿಸಿದರು.

ಅರಸೀಕೆರೆಯೇ ಸರಿ, ಬೇಗ ಹಾಕೋಣ ಎಂದಾಯಿತು. "ಯುಗಾದಿಯಿಂದ ಇಲ್ಲೇ ವಾಸ ಇದ್ದಾರೆ ಅನ್ನೋದಕ್ಕೆ ಏನಿದೆ?" ಎಂದರು ವಕೀಲೆ. "ಆ ಕಡೆ ವಕೀಲರು ಮೊದಲು ಅದನ್ನೇ ಎತ್ತೋದು. ಸುಮ್ಮನೆ ತೌರಿಗೆ ಬಂದು ಹೋಗೋಳು, ಈ ಕೋರ್ಟಿಗೆ ಕೇಸು ಕೇಳೋ ಅಧಿಕಾರ ಇಲ್ಲ ಅಂತಾರೆ."

ಹುಡುಗಿ ಅಮ್ಮನ ಕಡೆ ನೋಡಿದಳು. ಆಧಾರ್ ಕಾರ್ಡಿನ ವಿಳಾಸ ಬದಲಾಯಿಸುತ್ತೇನೆಂದು ಅವಳು ಹೊರಟಿದ್ದಳು; ಸೇವಾ ಕೇಂದ್ರದವನ ಹೆಂಡತಿ ನಮ್ಮ ಬೀದಿಯವಳು ಎಂದು ಅಮ್ಮ ತಡೆದಿದ್ದಳು.

"ಅಕ್ಕಪಕ್ಕದವರು ಯಾರಾದ್ರೂ ಹೇಳ್ತಾರಾ?" ಎಂದು ಕೇಳಿದರು ವಕೀಲೆ.

ಇಲ್ಲಿ ತಂಗಿಗೆ ಉತ್ಸಾಹ ಬಂತು. ತನ್ನ ಜಾಣತನವನ್ನು ಕೇಳುವವರು ಕೊನೆಗೂ ಒಬ್ಬರು ಸಿಕ್ಕಿದ್ದರು. "ಯಾರ್ಗೂ ಒಂಚೂರು ಅನುಮಾನ ಬರ್ದಂಗೆ ನೋಡ್ಕಂಡಿದೀನಿ ಮೇಡಂ. ಮೊದ್ಲು ಹಬ್ಬಕ್ಕೆ ಬಂದವ್ಳೆ ಅಂದೆ. ಆಮೇಲೆ ಸೊಂಟ ನೋವು, ರೆಸ್ಟ್ ತಗೊಂತಾವ್ಳೆ ಅಂದೆ. ಈಗ ಆಷಾಢಕ್ಕೆ ಉಳ್ಕಂಡವ್ಳೆ, ಶ್ರಾವಣಕ್ಕೆ ಅಳಿಯಂದ್ರು ಬಂದು ಕರ್ಕೊಂಡ್ ಹೋಗ್ತಾರೆ ಅಂದಿದೀನಿ. ನಮ್ಮ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ, ಅದನ್ನೇ ಹೇಳ್ತಾರೆ."

ಮದುವೆಯಾಗಿ ಆರು ವರ್ಷವಾದ ಹೆಣ್ಣು ಹೊಸ ಮದುವಣಗಿತ್ತಿಯಂತೆ ಆಷಾಢಕ್ಕೆ ತೌರಿಗೆ ಬರುವುದನ್ನು ಇಡೀ ಬೀದಿ ನಂಬಿದೆಯೆಂದು ಅವಳು ನಂಬಿದ್ದಳು.

ವಕೀಲೆ ಪೆನ್ನು ಕೆಳಗಿಟ್ಟರು. "ಅಮ್ಮಾ, ಆ ಕಡೆಯವರಿಗೆ ಬೇಕಾದ ಸಾಕ್ಷಿ ಎಲ್ಲಾ ನೀವೇ ತಯಾರು ಮಾಡಿಟ್ಟಿದ್ದೀರಲ್ಲ."

ತಂಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಮೇಲೆ ಅವಳ ಮುಖ ನೋಡಿ ನಾನೂ ನನ್ನ ಬಾಯಿಗೆ ಬಂದಿದ್ದ ಮಾತನ್ನು ಅಲ್ಲೇ ತಡೆದೆ. ಮಗಳನ್ನು ಬೀದಿಯ ಬಾಯಿಂದ ಕಾಪಾಡಲು ನಾಲ್ಕು ತಿಂಗಳು ಅವಳು ಪಟ್ಟ ಪಾಡು ಸಣ್ಣದಲ್ಲ. ಅದೆಲ್ಲ ಪುಣೆಯವನ ಕೈಗೆ ಹೋಗಿ ಸೇರುವುದರಲ್ಲಿತ್ತು.

ಪರಿಹಾರ ಒಂದೇ. ಆಧಾರ್ ಬದಲಾಗಬೇಕು, ಬೀದಿಗೆ ನಿಜ ಗೊತ್ತಾಗಬೇಕು, ಅರ್ಜಿ ಆಷಾಢದಲ್ಲೇ ಬೀಳಬೇಕು. ಬೀದಿಗೆ ನಾನೇ ಹೇಳುತ್ತೇನೆ, ಒಂದು ಬೆಳಿಗ್ಗೆಯ ಕೆಲಸ ಎಂದೆ. ಹುಡುಗಿ ಬೇಡವೆಂದಳು. "ನೀವು ಹೇಳಿದ್ರೆ ಆಸ್ಪತ್ರೆ ರಿಪೋರ್ಟ್ ಓದ್ದಂಗಿರುತ್ತೆ ದೊಡ್ಡಮ್ಮ. ಅಮ್ಮನೇ ಹೇಳ್ಲಿ. ಶುರು ಮಾಡಿದ್ದು ಅವಳು ತಾನೆ."

ಮಾರನೆಯ ಬೆಳಿಗ್ಗೆ ಎದುರುಮನೆಯವಳ ಕೊಟ್ಟಿಗೆಯ ಮುಂದೆ ತಂಗಿ ಪಾತ್ರೆ ಹಿಡಿದು ನಿಂತಳು. ಎದುರುಮನೆಯವಳು ಎರಡು ಹಸು ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುವವಳು. ಹಾಲಿನ ಜೊತೆ ಸುದ್ದಿಯೂ ಮನೆಮನೆಗೆ ತಪ್ಪದೆ ತಲುಪುತ್ತದೆ. ಕೈ ಮೇಲೆ ಕೈ ಇಟ್ಟು ನಾನು ಜಗುಲಿಯ ಮೇಲೆ ಕೂತಿದ್ದೆ. ತಂಗಿ ಹಸುವಿನ ಆರೋಗ್ಯ ವಿಚಾರಿಸಿದಳು. ಮೋಡದ ಬಗ್ಗೆ ಮಾತಾಡಿದಳು. ಹಿಂಡಿ ತಂದದ್ದು ಯಾವ ಅಂಗಡಿಯಿಂದ ಎಂದು ಕೇಳಿದಳು. ಆಮೇಲೆ, "ಇವತ್ತಿಂದ ಅರ್ಧ ಲೀಟ್ರು ಜಾಸ್ತಿ ಹಾಕು ಕಣೇ," ಎಂದಳು.

"ಯಾಕಕ್ಕ, ಅಳಿಯಂದ್ರು ಬತ್ತಾರಾ?"

"ಅಳಿಯ ಬರಲ್ಲ. ಮಗಳು ಗಂಡನ್ನ ಬಿಟ್ಟವ್ಳೆ. ಯುಗಾದೀಲಿ ಬಂದ್ಲಲ್ಲ, ಆಗ್ಲೇ ಬಿಟ್ಟು ಬಂದಿದ್ದು. ಇನ್ಮೇಲೆ ಅವ್ಳ ಮನೆ ಇದೇಯ."

ಎದುರುಮನೆಯವಳು ಹಾಲು ಹುಯ್ಯುವುದನ್ನು ನಿಲ್ಲಿಸಲಿಲ್ಲ. "ಅಷ್ಟೇಯಾ? ನೀನು ಹೇಳೋ ಕತೆ ಕೇಳಿ ಕೇಳಿ ನಾವೆಲ್ಲ ಹುಡುಗಿಗೆ ಏನೋ ಕೆಟ್ಟ ಕಾಯ್ಲೆ ಅಂದ್ಕಂಡಿದ್ವಿ. ನಾನು ಹರಕೆ ಬೇರೆ ಹೊತ್ತಿದೀನಿ. ಈಗದನ್ನ ಏನು ಮಾಡ್ಲಿ?"

"ತೀರಿಸು, ಇನ್ನೇನು ಮಾಡ್ತೀಯ," ಎಂದಳು ತಂಗಿ. "ಕೋರ್ಟಲ್ಲಿ ಕೇಳಿದ್ರೆ ಇಲ್ಲೇ ಅವ್ಳೆ ಅಂತ ಹೇಳ್ತೀಯಾ?"

"ಹೇಳ್ದೇ ಏನು? ದಿನಾ ಕಣ್ಣೆದುರಿಗೆ ಅವ್ಳಲ್ಲ. ಹಾಲು ಕರೆಯೋ ಹೊತ್ತಲ್ಲಿ ಮಾತ್ರ ಕರೀಬ್ಯಾಡ್ರಿ ಅನ್ನು."

ತಂಗಿ ಪಾತ್ರೆ ಹಿಡಿದು ಪಕ್ಕದ ಮನೆಯ ಬಾಗಿಲಿಗೂ ಹೋದಳು, ಅದರಾಚೆಯದಕ್ಕೂ. ಅವಳು ವಾಪಸು ಬರುವಷ್ಟರಲ್ಲಿ ಹಾಲು ಒಡೆಯುತ್ತದೇನೋ ಎಂದು ನನಗೆ ಆತಂಕವಾಗಿತ್ತು.

ಅರ್ಜಿ ಹಾಕುವ ದಿನ ಎಲ್ಲರೂ ಹೋದೆವು. ತಂಗಿಯ ಗಂಡ ಟವೆಲ್ಲು ತಲೆಗೆ ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ಮರದ ಮರೆಯಲ್ಲಿ ನಿಂತರು. ಬಿಸಿಲಿಲ್ಲದ ದಿನ ಟವೆಲ್ಲು ಸುತ್ತಿದವರು ಅವರೊಬ್ಬರೇ ಆದ್ದರಿಂದ ಗಂಡಸಿಯ ಪರಿಚಯದವರೊಬ್ಬರು ದೂರದಿಂದಲೇ ಗುರುತು ಹಿಡಿದರು.

"ಏನ್ಲಾ ಇಲ್ಲಿ?"

ಇಷ್ಟು ದಿನ ಅಂಜಿದ್ದ ಮಾತು ಬಂದೇಬಿಟ್ಟಿತು. ತಂಗಿಯ ಗಂಡ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಮಗಳ ಡೈವೋರ್ಸು," ಎಂದರು.

"ನಂದು ಅಣ್ಣತಮ್ಮಂದಿರ ಪಾಲು. ನಮ್ಮಪ್ಪನ ಕಾಲದ್ದು, ಇನ್ನೂ ನಡೀತಾನೇ ಐತೆ. ನಿಂದೇನು, ಬೇಗ ಆಗೋಯ್ತದೆ ಬಿಡು. ಟೀ ಕುಡಿಯನ ಬಾ."

ಅವರು ಟೀಗೆ ಹೋದರು. ಹುಡುಗಿ ಅರ್ಜಿ ಹಾಕಿ ವಕೀಲೆಯ ಜೊತೆ ಮೆಟ್ಟಿಲಿಳಿದು ಬಂದಳು. ಪುಣೆಯಿಂದ ಯಾವ ನೋಟೀಸೂ ಅಲ್ಲಿಯವರೆಗೆ ಬಂದಿರಲಿಲ್ಲ. ಇನ್ನು ಇಲ್ಲಿಂದಲೇ ಅಲ್ಲಿಗೆ ಹೋಗುತ್ತದೆ ಎಂದಳು. ಅವನು ತಕರಾರು ಎತ್ತಬಹುದು, ಅದನ್ನಾದರೂ ಅರಸೀಕೆರೆಗೆ ಬಂದೇ ಎತ್ತಬೇಕು ಎಂದರು ವಕೀಲೆ.

"ಕೊಯಮತ್ತೂರಿಗೆ ಟಿಕೆಟ್ ಮಾಡ್ಲಾ ದೊಡ್ಡಮ್ಮ?" ಎಂದು ಕೇಳಿದಳು ಹುಡುಗಿ.

"ಮಾಡು," ಎಂದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನು ತೆಗೆದಳು.