ಖಾಲಿ ಚೀಲದ ತಿರುಗಾಟ

ನಾನು ಮನೆಯಿಂದ ಹೊರಗೆ ಕಾಲಿಡುವಾಗ ಕೈಯಲ್ಲಿ ಒಂದು ಬಟ್ಟೆಯ ಚೀಲ ಇರುತ್ತದೆ. ಅದರೊಳಗೆ ಏನೂ ಇರುವುದಿಲ್ಲ. ಹೋಗುವಾಗಲೂ ಖಾಲಿ, ಬರುವಾಗಲೂ ಖಾಲಿ. ಹಾಗಾದರೆ ಚೀಲ ಯಾಕೆ ಎಂದು ಕೇಳುವವರು ಗಂಡಸರೇ ಆಗಿರಬೇಕು.

ಚನ್ನಗಿರಿಯ ಹೈಸ್ಕೂಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ನಾನು ಬರಿಗೈ ಬೀಸಿಕೊಂಡೇ ತಿರುಗಾಡಲು ಹೊರಟಿದ್ದೆ. ಮೊದಲ ತಿರುವಿನಲ್ಲೇ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸು ತಲೆಯೆತ್ತಿ, “ಎಲ್ಲಿಗೆ ಹೊಂಟ್ರಿ ಮೇಡಂ?” ಎಂದಳು. ನಾನು ನಿಜವನ್ನೇ ಹೇಳಿದೆ: “ಎಲ್ಲಿಗೂ ಇಲ್ಲಮ್ಮ, ಸುಮ್ನೆ.” ಆಕೆ ಮೊರವನ್ನು ಕೆಳಗಿಟ್ಟಳು. ನನ್ನ ಮುಖವನ್ನು ಎರಡು ಗಳಿಗೆ ನೋಡಿದಳು. ಆಮೇಲೆ ದನಿ ತಗ್ಗಿಸಿ, “ಬರ್ರಿ, ಒಂದ್ ಲೋಟ ನೀರು ಕುಡೀರಿ. ಎಲ್ಲಾರ ಮನೇಲೂ ಇರಾದೇ ಇದು. ಸಂಜಿ ಹೊತ್ತಿಗೆ ಯಜಮಾನ್ರು ಸಮಾಧಾನ ಆಗ್ತಾರೆ” ಎಂದಳು.

ಆ ಹೊತ್ತಿನಲ್ಲಿ ನನ್ನ ಯಜಮಾನರು ಮನೆಯಲ್ಲಿ ಪರಮ ಸಮಾಧಾನದಿಂದ ಟಿವಿ ನೋಡುತ್ತಿದ್ದರು. ನಡೆಯುವುದೆಂದರೆ ಅವರ ಮಟ್ಟಿಗೆ ಬೈಕ್ ನಿಲ್ಲಿಸಿದ ಜಾಗದಿಂದ ಸೋಫಾದವರೆಗೆ ಬರುವುದು. ಮರುದಿನದಿಂದ ನಾನು ಚೀಲ ಹಿಡಿದೆ. ಎಂಥ ಮಹಿಮೆ ಅದರದು! ಆಮೇಲೆ ಕೇಳಿದವರೇ ಉತ್ತರವನ್ನೂ ಹೇಳತೊಡಗಿದರು. “ಸಂತಿಗಾ?” “ಸೊಪ್ಪಿಗಾ?” ಎಂದರೆ ನಾನು ತಲೆಯನ್ನು ಹೌದೂ ಅಲ್ಲದ, ಅಲ್ಲವೂ ಅಲ್ಲದ ರೀತಿಯಲ್ಲಿ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ದೊಡ್ಡವರು ಗಾದೆ ಮಾಡಿಟ್ಟರಲ್ಲ, ಮಾಡಿದವರು ಮನೆಯ ಹೆಣ್ಣುಮಕ್ಕಳನ್ನು ಕರೆದು ಹೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ನಾಡಿನಲ್ಲಿ ತಿರುಗುವವನನ್ನು ಜಂಗಮ ಎಂದು ಕರೆದು ಕಾಲು ತೊಳೆದರು. ತಿರುಗುವವಳಿಗೂ ಒಂದು ಹೆಸರಿದೆ. ಅದನ್ನು ಇಲ್ಲಿ ಬರೆಯಲಾರೆ, ಮಕ್ಕಳು ಓದುತ್ತಾರೆ. ದೇಶ ಸುತ್ತಲು ಬಿಡದ ಕಾರಣ ನಾನು ಮೊದಲು ಕೋಶವನ್ನೇ ಹಿಡಿದೆ. ಜಗಳೂರು ಕಡೆಯ ಬಿಳಿಚೋಡಿನ ಕುರಿ ಕಾಯುವ ಮನೆ ನಮ್ಮದು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕೇಳುವವರಿಗೆ ಸಾಕಾಗುವವರೆಗೂ ಹೇಳುತ್ತೇನೆ. ಕುರಿಯ ಹಿಂದೆ ನಡೆಯುತ್ತಲೇ ಓದಿದವಳು. ಮೊಘಲರ ಪಾಠವಿದ್ದ ಹಾಳೆಗಳನ್ನು ಒಂದು ಟಗರು ತಿಂದುಹಾಕಿತ್ತು. ಇವತ್ತಿಗೂ ಸಮಾಜ ವಿಜ್ಞಾನದ ತರಗತಿಯಲ್ಲಿ ಅಕ್ಬರ ಬಂದರೆ ನನ್ನ ದನಿ ಸ್ವಲ್ಪ ಮೆತ್ತಗಾಗುತ್ತದೆ.

ನನ್ನ ತಿರುಗಾಟದ ಸುದ್ದಿ ಕೇಳಿ ಊರಿನಿಂದ ಅವ್ವ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. “ಕುರಿ ಇಲ್ದೆ ತಿರುಗಾದು ಏನ್ ತಿರುಗಾದೇ ಅದು? ನಾವು ಕುರಿ ಸಲುವಾಗಿ ತಿರುಗಿ ತಿರುಗಿ ನಿನ್ನ ಓದಿಸಿದ್ವಿ. ನೀನು ಓದಿ ಸಂಬಳ ತಗಂಡು ಮತ್ತೆ ತಿರುಗಾಕೆ ಹೊಂಟೀಯಲ್ಲ!” ಪದವಿಯ ಪರೀಕ್ಷೆಯಲ್ಲೂ ಇಷ್ಟು ಕಷ್ಟದ ಪ್ರಶ್ನೆ ಬಂದಿರಲಿಲ್ಲ.

ಆದರೆ ಈ ಊರು ತಿರುಗಿದಷ್ಟೂ ಬಿಚ್ಚಿಕೊಳ್ಳುವ ಊರು. ಕೋಟೆ ಗುಡ್ಡದ ಮೇಲೆ ರಂಗನಾಥ ನಿಂತಿದ್ದಾನೆ. ಮೇಲಿನಿಂದ ನೋಡಿದರೆ ಕೆಂಪು ಹೆಂಚು, ಬಿಳಿ ತಾರಸಿ, ನೀಲಿ ನೀರಿನ ಟ್ಯಾಂಕು ಒಂದರ ಹೆಗಲ ಮೇಲೊಂದು ಕೈಹಾಕಿ ನಿಂತಂತೆ ಕಾಣುತ್ತವೆ. ಕೆಳಗಿಳಿದರೆ ಓಣಿ. ಓಣಿಯಲ್ಲಿ ಒಂದೊಂದು ಬಾಗಿಲಿಗೂ ಒಂದೊಂದು ವಾಸನೆ. ಇಲ್ಲಿ ಒಗ್ಗರಣೆ, ಅಲ್ಲಿ ಊದಿನಕಡ್ಡಿ, ಮತ್ತೊಂದರಲ್ಲಿ ಸುಲಿದ ಅಡಿಕೆ ಬೇಯುವ ಒಗರು.

ಓಣಿ ಮುಗಿದಲ್ಲಿ ಪಾರ್ಕು. ಪಾರ್ಕಿನ ನಡುವೆ ನೀರು ಬಾರದ ಕಾರಂಜಿ. ಅದರ ಸುತ್ತ ನಡೆಯುವವರೆಲ್ಲ ಎಡದಿಂದ ಬಲಕ್ಕೆ ಮಾತ್ರ ಸುತ್ತುತ್ತಾರೆ. ಒಮ್ಮೆ ನಾನು ಬಲದಿಂದ ಎಡಕ್ಕೆ ಹೊರಟೆ. ಎದುರಿಗೆ ಬಂದ ನಿವೃತ್ತ ಹಿರಿಯರೊಬ್ಬರು ಗಾಬರಿಯಿಂದ ನಿಂತು, “ಮೇಡಂ, ಉಲ್ಟಾ ಹೊಂಟೀರಿ!” ಎಂದರು. ಒಣ ಕಾರಂಜಿಗೂ ಪ್ರದಕ್ಷಿಣೆ ಹಾಕುವ ಜನ ನಾವು! ಯೋಚಿಸಿ ನೋಡಿದರೆ ಲೋಕ ಒಪ್ಪಿಕೊಂಡ ಏಕೈಕ ದಂಡದ ತಿರುಗಾಟ ಪ್ರದಕ್ಷಿಣೆಯೇ. ಹೊರಟಲ್ಲಿಗೇ ಬಂದು ಸೇರುತ್ತೇವೆ, ಕೈಗೆ ಏನೂ ಹತ್ತಿರುವುದಿಲ್ಲ. ಅದಕ್ಕೆ ಪುಣ್ಯ ಎಂದು ಹೆಸರು. ಅದನ್ನೇ ಗುಡಿಯಿಂದಾಚೆ ಮಾಡಿದರೆ ಮನೆಯಲ್ಲಿ ಜಗಳ.

ಕೋಟೆಯ ಕೆಳಗಿನ ಓಣಿ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಹಳೆಯ ಕೆತ್ತನೆಯ ಬಾಗಿಲುವಾಡಗಳಿವೆ. ನಾನು ಚೀಲ ಹಿಡಿದು ನಿಂತು, ಒಂದೊಂದನ್ನೂ ಮೇಲಿನಿಂದ ಕೆಳಗೆ ನೋಡಿ, ಮುಂದೆ ಸರಿದು, ಮತ್ತೆ ಹಿಂದೆ ಬಂದು ನೋಡುತ್ತಿದ್ದೆ. ಮಳೆಗಾಲ ಕಳೆಯುವ ಹೊತ್ತಿಗೆ ಆ ಓಣಿಯ ಜನಕ್ಕೆ ನನ್ನ ಮೇಲೆ ವಿಪರೀತ ಪ್ರೀತಿ ಹುಟ್ಟಿತು. ಒಂದು ಮನೆಯವರು ಕರೆದು ಮಂಡಕ್ಕಿ, ಮೆಣಸಿನಕಾಯಿ ಕೊಟ್ಟರು. ಇನ್ನೊಂದು ಮನೆಯಲ್ಲಿ ಕಾಫಿ. ಓಣಿಯ ಬಾಯಲ್ಲಿ ಬಳೆ ಅಂಗಡಿ ಇಟ್ಟಿರುವ ಫಾತಿಮಾಬಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೇಳದೆಯೇ ಶುರುಮಾಡಿದಳು: “ಅಕ್ಕಾ, ಆ ಹಸಿರು ಬಾಗ್ಲ ಮನೆ ಸಿಂಧು ಐತಲ್ರೀ, ಏಕ್ದಂ ಬಂಗಾರ. ಬಳಿ ತೊಡ್ಸುವಾಗ ಒಂದ್ ದಿನಾನೂ ಅಯ್ಯೋ ಅಂದಿಲ್ಲ. ಕೈ ಅಂದ್ರೆ ಬೆಣ್ಣಿ ಕೈ.”

ಎದುರು ಮನೆಯ ಗೌರಮ್ಮ ಮಾತ್ರ ಕಾಫಿ ಕೊಡುತ್ತಾ ಬೇರೆ ರಾಗ ಎಳೆದಳು. “ಹುಡ್ಗಿ ಚೆನ್ನಾಗೈತೆ. ಇಲ್ಲ ಅನ್ನಲ್ಲ. ಆದ್ರೆ ಆ ಸ್ಕೂಟಿ ಓಡ್ಸಾದು ನೋಡಿದ್ರೆ ನಮ್ ಕೋಳಿಗೆಲ್ಲ ಎದಿ ಒಡೀತೈತೆ.”

ಸಿಂಧು ಯಾರು, ಅವಳ ಕೈ ಬೆಣ್ಣೆಯಾದರೆ ನನಗೇನು, ಯಾವುದೂ ನನಗೆ ಹೊಳೆಯಲಿಲ್ಲ. ಇದೆಲ್ಲ ವಿದ್ಯೆಗೆ ಸಲ್ಲುವ ಗೌರವ ಎಂದುಕೊಂಡೆ. ಮುಖದಲ್ಲೇ ಒಂದು ಕಳೆ ಬಂದಿರಬೇಕು ಎಂದು ಮನೆಗೆ ಬಂದು, ಕನ್ನಡಕ ಒರೆಸಿಕೊಂಡು ಕನ್ನಡಿಯನ್ನೂ ನೋಡಿಕೊಂಡೆ.

ಕಳೆಯ ಗುಟ್ಟು ಬಯಲಾದದ್ದು ಅದೇ ಓಣಿಯ ಈಶ್ವರನ ಗುಡಿಯಲ್ಲಿ. ಈಶ್ವರನಿಗೆ ಹಾಕುವ ಪ್ರದಕ್ಷಿಣೆ ಬೇರೆ ದೇವರಂತಲ್ಲ. ಅಭಿಷೇಕದ ನೀರು ಹೊರಗೆ ಬರುವ ಬಾಯನ್ನು ದಾಟುವ ಹಾಗಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ನಾನು ಅಲ್ಲಿಗೆ ಹೋಗಿ ತಿರುಗಿದೆ. ಹಿಂದೆಯೇ ಬಂದಿದ್ದ ಹುಡುಗಿಯೊಬ್ಬಳು ದಾರಿಗೆ ಅಡ್ಡ ನಿಂತಿದ್ದಳು. ಹಿಂದೆ ಈಶ್ವರನ ನೀರು, ಮುಂದೆ ಇವಳು. ತಪ್ಪಿಸಿಕೊಳ್ಳುವ ಹಾಗಿಲ್ಲ.

“ಆಂಟೀ, ಎದುರು ಮನೆ ಗೌರಮ್ಮ ನಿಮಗೆ ಏನಂದ್ರು?” ಎಂದಳು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಸ್ಕೂಟಿ ಜೋರಾಗಿ ಓಡ್ಸ್ತಾಳೆ ಅಂದ್ರಾ? ಕೋಳಿ ತಾನೇ ಅಡ್ಡ ಬಂದಿದ್ದು ಆಂಟಿ. ಅದನ್ನೆಲ್ಲ ಸವಳಂಗದಾಗೆ ಹೇಳ್ಬ್ಯಾಡ್ರಿ.”

ಇವಳೇ ಸಿಂಧು ಎಂದು ತಿಳಿಯಿತು. ಸವಳಂಗ ಪಕ್ಕದ ತಾಲೂಕಿನ ಊರು. ಅಲ್ಲಿ ಹೇಳಬೇಡಿ ಎಂದೊಡನೆ ಉಳಿದದ್ದೂ ತಿಳಿಯಿತು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಒಂದು ಕಳ್ಳ ಶಾಸ್ತ್ರವಿದೆ. ಗಂಡಿನ ಕಡೆಯವರು ಯಾರಿಗೂ ಗುರುತಿಲ್ಲದ, ವಯಸ್ಸಾದ, ನಂಬಿಕಸ್ತ ಹೆಂಗಸೊಬ್ಬಳನ್ನು ಹೆಣ್ಣಿನ ಓಣಿಗೆ ಬಿಡುತ್ತಾರೆ. ಅವಳು ಏನೋ ಕೊಳ್ಳಲು ಬಂದವಳಂತೆ ಚೀಲ ಹಿಡಿದು ಸುತ್ತಿ, ಬಾಗಿಲು ನೋಡಿ, ಅಂಗಡಿಯಲ್ಲಿ ಕೂತು ಮನೆತನ ವಿಚಾರಿಸಿಕೊಂಡು ಹೋಗುತ್ತಾಳೆ. ಬಂದದ್ದು ಓಣಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗಿದೆ ಎಂದು ಯಾರೂ ತೋರಿಸಿಕೊಳ್ಳುವುದಿಲ್ಲ. ಮಂಡಕ್ಕಿ ಮಾತ್ರ ಕೊಡುತ್ತಾರೆ. ನಾನು ತಿಂದದ್ದು ವಿದ್ಯೆಯ ಮಂಡಕ್ಕಿಯಲ್ಲ, ಸವಳಂಗದ ಬೀಗರ ಮಂಡಕ್ಕಿ!

ಆದರೂ ನಾನು ಮೇಡಂ ಅಲ್ಲವೇ? ಹುಡುಗಿಯ ಅಳುಮುಖ ಕಂಡೊಡನೆ ಭಾಷಣ ಬಂದುಬಿಟ್ಟಿತು. “ನೋಡಮ್ಮ, ಮದುವೆ ಎಲ್ಲಿಗೂ ಓಡಿಹೋಗುವುದಿಲ್ಲ. ಹೆಣ್ಣುಮಕ್ಕಳಿಗೆ ಮೊದಲು ಓದು. ಯಾರೋ ಒತ್ತಾಯ ಮಾಡಿದರೆಂದು...”

“ಅಯ್ಯೋ ಆಂಟಿ, ಓದಾಕೆ ಅಂತಾನೇ ಈ ಮದ್ವಿ!” ಎಂದು ಸಿಂಧು ತಡೆದಳು. “ನಾನೂ ಸವಳಂಗದ ಹುಡುಗಾನೂ ಶಿವಮೊಗ್ಗದಾಗೆ ಒಂದೇ ಕ್ಲಾಸು. ಅವ್ನೇ ಅವರ ಮನೇಲಿ ಹೇಳಿ, ಯಾರೋ ತೋರ್ಸಿದ ಸಂಬಂಧ ಇದ್ದಂಗೆ ಮಾಡ್ಸ್ಯಾನೆ. ಮದ್ವಿ ಆದ್ಮೇಲೆ ಬಿ.ಇಡಿ. ಮಾಡು ಅಂದಾನೆ. ಇದು ಕೂಡ್ಲಿಲ್ಲ ಅಂದ್ರೆ ನಮ್ಮಪ್ಪ ಹೊನ್ನಾಳಿ ಮಾವನ ಮಗನಿಗೆ ಕೊಟ್ಬಿಡ್ತಾರೆ. ದೀಪಾವಳಿ ತನಕ ನೋಡ್ತೀನಿ ಅಂದಾರೆ, ಅಷ್ಟೇ. ಆ ಮಾವ ‘ಓದಿದ್ದು ಸಾಕು, ರೊಟ್ಟಿ ಬಡಿಯಾಕೆ ಬಿ.ಇಡಿ. ಯಾಕೆ’ ಅಂತಾನೆ. ನೀವು ನೋಡಿದ್ರೆ ಎಷ್ಟ್ ದಿನ ಆತು, ಬರೀ ಬಾಗ್ಲು ನೋಡ್ಕಂತ ಅಡ್ಡಾಡ್ತೀರಿ. ಏನೂ ಹೇಳವಲ್ರಿ!”

ನನ್ನ ಭಾಷಣ ಟಗರಿನ ಬಾಯಿಗೆ ಬಿದ್ದ ಮೊಘಲರಂತಾಯಿತು. ನಾನು ಗಂಡಿನ ಕಡೆಯವಳಲ್ಲ, ಹೈಸ್ಕೂಲಿನ ಮೇಡಂ ಎಂದು ಹೇಳಿದೆ.

“ಮತ್ತೆ ದಿನಾ ಯಾಕೆ ಬರ್ತೀರಿ?”

“ಸುಮ್ನೆ.”

“ಸುಮ್ನೇನಾ?” ಎಂದಳು. ಆ ಸಂಕಟದಲ್ಲೂ ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ಕಾಣಿಸಿತು. ಆಮೇಲೆ ಮುಖ ಬಿಳುಪೇರಿತು. “ಹಂಗಾದ್ರೆ ಸವಳಂಗದೋರು ಇನ್ನೂ ಬಂದೇ ಇಲ್ಲ!”

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಒಂದು ಓಣಿಯ ಹೊಗಳಿಕೆಯನ್ನೆಲ್ಲ ನಾನೊಬ್ಬಳೇ ತಿಂದು ಖಾಲಿ ಮಾಡಿದ್ದೆ. ಇನ್ನು ನಿಜವಾದವಳು ಬಂದರೆ ಅವಳಿಗೆ ಯಾರು ಕಾಫಿ ಕೊಡುತ್ತಾರೆ? ಬಂದುಹೋದವರೆಂದು ನನ್ನನ್ನೇ ಲೆಕ್ಕ ಹಿಡಿದಿದ್ದಾರಲ್ಲ! ಅವಳಿಗೆ ಸಿಗುವುದು ಗೌರಮ್ಮನ ಕೋಳಿಯ ಕಥೆ ಮಾತ್ರ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಪಾರ್ಕಿನಲ್ಲಿ ಕೂತಿದ್ದೆ. “ಅಮ್ಮಾ, ಉಲ್ಟಾ ಹೊಂಟೀರಿ!” ಎಂಬ ಹಿರಿಯರ ದನಿ ಕೇಳಿ ತಲೆಯೆತ್ತಿದೆ. ದಪ್ಪ ಕುಂಕುಮದ, ನನ್ನ ವಯಸ್ಸಿನ ಹೆಂಗಸೊಬ್ಬಳು ಬಲದಿಂದ ಎಡಕ್ಕೆ ಬರುತ್ತಿದ್ದಳು. ಊರಿಗೆ ಹೊಸಬಳು. ಕೈಯಲ್ಲಿ ಚೀಲ. ಚೀಲ ಗಾಳಿಗೆ ಹಾರುತ್ತಿತ್ತು. ಖಾಲಿ ಚೀಲದ ಗುರುತು ಖಾಲಿ ಚೀಲಕ್ಕೆ ತಿಳಿಯದೆ ಇರುತ್ತದೆಯೇ?

ಅವಳಿಗೂ ತಿಳಿಯಿತು. ಬಂದು ನನ್ನ ಪಕ್ಕ ಕೂತು, ನನ್ನ ಚೀಲವನ್ನು ಓರೆಗಣ್ಣಿನಿಂದ ನೋಡಿ, “ನೀವೂ ಅದಕ್ಕೇ ಬಂದೀರೇನ್ರಿ?” ಎಂದಳು.

“ಯಾವುದಕ್ಕೆ?”

“ಬಿಡ್ರಿ, ನನ್ನ ಹತ್ರ ಏನ್ ಮುಚ್ಚಿಡಾದು. ನಾನೂ ಸವಳಂಗದಿಂದ ಬೇಳಿ ತಗಳ್ಳಾಕೆ ಬಂದೀನಿ ಅನ್ಕಳ್ರಿ” ಎಂದು ನಕ್ಕಳು. “ಎಂದಿಂದ ತಿರುಗ್ತೀರಿ ಆ ಓಣಿಯಾಗೆ?”

“ಮಳೆಗಾಲದಿಂದ.”

ಅವಳ ನಗೆ ನಿಂತಿತು. “ಮಳಿಗಾಲದಿಂದಾ! ಅಷ್ಟು ನೋಡೀರಾ? ಹುಡ್ಗಿ ಹೆಂಗೆ ಮತ್ತೆ? ಸ್ಕೂಟಿ ಅಂತ ಏನೋ ಅಂದ್ರಪ್ಪ ಎದುರು ಮನೆ ಆಯಮ್ಮ.”

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ. ನಿಜಗಳನ್ನೇ, ಸ್ವಲ್ಪ ಜೋಡಿಸಿ ಹೇಳಿದೆ. ಇತಿಹಾಸ ಪಾಠ ಮಾಡುವವರಿಗೆ ಇದು ಬರಲೇಬೇಕು. “ಸ್ಕೂಟಿ ಓಡಿಸ್ತಾಳೆ. ಓದಿದ ಹುಡುಗಿ, ಇನ್ನೂ ಓದ್ತಾಳೆ. ಮುಂದೆ ಮೇಡಂ ಆದರೆ ಶಾಲೆಗೆ ತಾನೇ ಹೋಗಿಬರ್ತಾಳೆ, ಬಿಟ್ಟುಬರೋರು ಬೇಕಿಲ್ಲ. ನೀವು ತಡಮಾಡಿದ್ರೆ ಬೇರೆಯವರು ಮಾಡ್ಕೊಂಡು ಹೋಗ್ತಾರೆ. ದೀಪಾವಳಿ ತನಕ ಅಷ್ಟೇ ಅಂತೆ.”

“ನೀವೇನಾ ಆ ಬೇರೆಯೋರು?”

ನಾನು ಕಾರಂಜಿಯನ್ನು ನೋಡಿದೆ. ಮೌನ ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಅವಳು ದಡಕ್ಕನೆ ಎದ್ದಳು. ಬಸ್‌ಸ್ಟ್ಯಾಂಡಿನ ಕಡೆ ಹೋದ ರಭಸಕ್ಕೆ ಚಪ್ಪಲಿಯ ಸದ್ದು ಗೇಟಿನಾಚೆಯೂ ಕೇಳುತ್ತಿತ್ತು.

ದೀಪಾವಳಿಗೆ ಮೊದಲೇ ವೀಳ್ಯದ ಶಾಸ್ತ್ರವಾಯಿತು. ಮದುವೆಯಲ್ಲಿ ಗಂಡಿನ ಕಡೆಯವರು ನನ್ನನ್ನು ಹೆಣ್ಣಿನ ಕಡೆಯವಳೆಂದು, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳೆಂದು ತಿಳಿದು ಎರಡೆರಡು ಸಲ ಹೋಳಿಗೆ ಬಡಿಸಿದರು. ಸವಳಂಗದ ಹೆಂಗಸು ಮಾತ್ರ ದೂರದಿಂದ ನನ್ನನ್ನು ಗೆದ್ದವರ ನಗೆಯಲ್ಲಿ ನೋಡಿದಳು. ಸಿಂಧು ಈಗ ಬಿ.ಇಡಿ. ಓದುತ್ತಿದ್ದಾಳೆ. ಸವಳಂಗದ ಕೋಳಿಗಳ ಸಮಾಚಾರ ನನಗೆ ತಿಳಿದಿಲ್ಲ.

ಕೆಟ್ಟದ್ದು ನನ್ನ ತಿರುಗಾಟ. ನಾನು ಕಾಲಿಟ್ಟ ಓಣಿಗೆ ಸಂಬಂಧ ಬರುತ್ತದೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತು. “ಮೇಡಂ, ನಮ್ ಓಣಿಯಾಗೂ ಒಂದ್ ಸುತ್ತು ಹಾಕ್ರಿ” ಎಂದು ಕಟ್ಟೆಕಟ್ಟೆಯಿಂದಲೂ ಕರೆ. ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟ, ಗಂಡು ಹೆಣ್ಣಿನ ಹೆಸರು ಅಚ್ಚುಹಾಕಿಸಿದ ಚೀಲವನ್ನೇ ಹಿಡಿದು ಹೊರಟದ್ದು ಇನ್ನೂ ದೊಡ್ಡ ತಪ್ಪಾಯಿತು. ಜಾಹೀರಾತು ಹಾಕಿಕೊಂಡು ಹೊರಟಂತಾಯಿತು. ಸುಮ್ಮನೆ ತಿರುಗುವವಳನ್ನು ಊರು ಕೊನೆಗೂ ಕೆಲಸಕ್ಕೆ ಹಚ್ಚಿಬಿಟ್ಟಿತು. ಬೇಸರಪಟ್ಟು ಮನೆಯಲ್ಲೇ ಕೂತೆ.

ಆಗ ಅವ್ವ ಬಿಳಿಚೋಡಿನಿಂದ ಬಂದಳು. ಎಲ್ಲ ಕೇಳಿದಳು. ಮೊಳೆಗೆ ನೇತುಹಾಕಿದ್ದ ಚೀಲದ ಕಡೆ ನೋಡಿ, “ಅದನ್ನ ಇಲ್ಲೇ ಬಿಡು. ನಡಿ, ನಾನೂ ಬರ್ತೀನಿ” ಎಂದಳು.

ಬರಿಗೈಯಲ್ಲಿ ಇಬ್ಬರೂ ಹೊರಟೆವು. ಮೊದಲ ತಿರುವಿನಲ್ಲೇ ಮೊರ ಹಿಡಿದ ಅದೇ ಹೆಂಗಸು. “ಎಲ್ಲಿಗೆ ಹೊಂಟ್ರಿ ಅಜ್ಜಿ, ಮಗಳ ಕರ್ಕಂಡು?”

ಅವ್ವ ಒಂದು ಗಳಿಗೆಯೂ ತಡಮಾಡಲಿಲ್ಲ. “ಕುರಿ ಒಂದು ತಪ್ಪಿಸ್ಕಂಡೈತೆ ಕಣವ್ವ. ಹುಡುಕಾಕೆ.”

ಆ ಹೆಂಗಸು ಮೊರ ಬಿಟ್ಟು ಎದ್ದೇಬಿಟ್ಟಳು. “ಅಯ್ಯೋ ಪಾಪ! ಯಾವ ಬಣ್ಣದ್ದು? ಹೆಂಗೈತೆ ನೋಡಾಕೆ?”

ಅವ್ವ ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೈ ಹಿಡಿದುಕೊಂಡು ಹೇಳಿದಳು:

“ಕನ್ನಡಕ ಹಾಕ್ಕಂಡೈತೆ.”